ಎಡಗಡೆಯ ಕೊನೆಯ ಕೀ

ಯಾವ ಹಾಡನ್ನೇ ಶುರು ಮಾಡಲಿ, ಅವಳು ಮೊದಲು ಕೀಬೋರ್ಡಿನ ಎಡಗಡೆಯ ಕೊನೆಯ ಕೀಯನ್ನು ಕಿರುಬೆರಳಿನಿಂದ ಒಮ್ಮೆ ಮುಟ್ಟುತ್ತಿದ್ದಳು. ಮಲಗಿದ ಮಗುವಿನ ಕೆನ್ನೆ ಮುಟ್ಟುವಷ್ಟು ಹಗುರಾಗಿ. ಸದ್ದು ಬರುತ್ತಿರಲಿಲ್ಲ. ಪಕ್ಕದ ಮೇಜಿನ ಮೇಲಿದ್ದ ಕಪ್ಪು ಪೆಟ್ಟಿಗೆಯಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ದೀಪವೊಂದು ಮಿಟುಕುತ್ತಿತ್ತು, ಅಷ್ಟೆ. ಅದನ್ನು ನೋಡಿಕೊಂಡು ಬೆರಳು ಎತ್ತುತ್ತಿದ್ದಳು. ಒಂದು ಉಸಿರು. ಆಮೇಲೆ ಹಾಡು.

ಈ ಅಭ್ಯಾಸಕ್ಕೆ ಹತ್ತೊಂಬತ್ತು ವರ್ಷ. ನೃತ್ಯಶಾಲೆಯ ಮೊದಲ ಪ್ರದರ್ಶನದ ದಿನ ಕೀಬೋರ್ಡಿನಿಂದ ಪೆಟ್ಟಿಗೆಗೆ ಹೋಗುವ ವೈರು ಸಡಿಲವಾಗಿತ್ತು. ಪರದೆ ಸರಿಯಿತು, ಏಳು ಹುಡುಗಿಯರು ಕೈ ಎತ್ತಿ ನಿಂತರು, ಅವಳು ಎರಡೂ ಕೈಯಲ್ಲಿ ಬಾರಿಸಿದಳು, ಹಾಲಿನಲ್ಲಿ ಮಾತ್ರ ಪಿಟ್ಟೆನ್ನಲಿಲ್ಲ. ಹಿಂದಿನ ಸಾಲಿನಿಂದ ಯಾರೋ ಒಬ್ಬರು, "ರೀ, ಟೀವಿ ಮ್ಯೂಟ್ ಆಗಿದೆ!" ಎಂದರು. ಇಡೀ ಹಾಲು ನಕ್ಕಿತು. ಆವತ್ತು ಮೇಕಪ್ ರೂಮಿನ ಮೂಲೆಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದವಳನ್ನು ಶಾಲೆ ನಡೆಸುವ ಗೆಳತಿ ಡ್ಯಾನ್ಸ್ ಮೇಡಂ ಬಂದು ತಬ್ಬಿಕೊಂಡಿದ್ದಳು. "ಬಿಡೇ, ನಾನೂ ನೀನೂ ಇನ್ನೂ ಎಷ್ಟು ಸಲ ಹೀಗೆ ಬೀಳೋದಿದೆಯೋ. ಇದನ್ನ ಇವತ್ತಿಗೇ ಮರೆತುಬಿಡೋಣ, ಇಬ್ಬರೂ" ಎಂದಿದ್ದಳು.

ಇಬ್ಬರೂ ಒಂದೇ ಕಾಲೇಜಿನಲ್ಲಿ ಓದಿದವರು. ಊರಿನವರಿಗೆಲ್ಲ ಅವಳು ಡ್ಯಾನ್ಸ್ ಮೇಡಂ. ಇವಳಿಗೆ ಮಾತ್ರ ಏನೇ, ಬಾರೇ. ಇವಳನ್ನು ಮಕ್ಕಳು ಕರೆಯುತ್ತಿದ್ದುದು ಪೆಟ್ಟಿಗೆ ಟೀಚರ್ ಎಂದು. ಮರಗೆಲಸದವನ ಅಂಗಡಿಯ ಮೇಲಿನ ಹಾಲಿನಲ್ಲಿ ಕ್ಲಾಸು ನಡೆಯುತ್ತಿತ್ತು. ಕೆಳಗೆ ಗರಗಸ ತಿರುಗಿದರೆ ಮೇಲೆ ನೆಲ ಜುಮ್ಮೆನ್ನುತ್ತಿತ್ತು. ಕಿಟಕಿಯ ಸರಳುಗಳ ಮೇಲೆ ಮರದ ಹೊಟ್ಟು ಸಣ್ಣಗೆ ಕೂತಿರುತ್ತಿತ್ತು. ವಾರಕ್ಕೆ ನಾಲ್ಕು ಸಂಜೆ ಇವಳು ಮೆಟ್ಟಿಲು ಹತ್ತಿ ಬಂದು, ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಐದು ಮುಳ್ಳಿನ ವೈರನ್ನು ಸಿಕ್ಕಿಸಿ, ಡ್ಯಾನ್ಸ್ ಮೇಡಂನ ಎಡಗಡೆಗೆ ಕುರ್ಚಿ ಎಳೆದುಕೊಳ್ಳುತ್ತಿದ್ದಳು. ವರ್ಷಕ್ಕೊಮ್ಮೆ ದೊಡ್ಡ ಪ್ರದರ್ಶನ. ಅಲ್ಲೂ ಅದೇ ಎಡಗಡೆ, ಅದೇ ಕುರ್ಚಿ. ಆ ಕುರ್ಚಿ ಬಿಟ್ಟರೆ ಅವಳು ಇನ್ನೇನನ್ನೂ ತನ್ನದು ಎಂದು ಹಟ ಹಿಡಿದವಳಲ್ಲ.

ವೈರಿನ ಬಗ್ಗೆ ಮಕ್ಕಳಿಗೆ ಹೇಳುವುದೆಂದರೆ ಅವಳಿಗೆ ಖುಷಿ.

"ಇದರೊಳಗೆ ಹಾಡು ಹೋಗುತ್ತೆ ಅಂದ್ಕೊಂಡಿದ್ದೀರಾ? ಹಾಡು ಹೋಗಲ್ಲ. ಬರೀ ಚೀಟಿ ಹೋಗುತ್ತೆ. ಅರವತ್ತನೇ ನಂಬರ್ ಕೀ ಒತ್ತಿದ್ದಾರೆ, ಇಷ್ಟು ಜೋರಾಗಿ ಒತ್ತಿದ್ದಾರೆ. ಅದೊಂದು ಚೀಟಿ. ಬೆರಳು ಎತ್ತಿದ್ರೆ ಇನ್ನೊಂದು ಚೀಟಿ. ಈ ಪೆಟ್ಟಿಗೆ ಅದನ್ನ ಓದಿಕೊಂಡು ದನಿ ಕೊಡುತ್ತೆ. ಪಿಯಾನೋ ಅಂದ್ರೆ ಪಿಯಾನೋ, ಕೊಳಲು ಅಂದ್ರೆ ಕೊಳಲು. ಚೀಟಿ ಮಾತ್ರ ಅದೇ."

"ಬೇರೆ ಕಂಪನಿ ಪೆಟ್ಟಿಗೆ ಆದ್ರೆ ಟೀಚರ್?"

"ಅದೂ ಓದುತ್ತೆ. ಎಲ್ಲ ಕಂಪನಿಯವರೂ ಕೂತು ಒಂದೇ ಥರದ ಚೀಟಿ ಬರೆಯೋಣ ಅಂತ ಒಪ್ಪಿಕೊಂಡಿದ್ದಾರೆ. ಮಿಡಿ ಅಂತ ಅದರ ಹೆಸರು. ಜೋರು ಎಷ್ಟು ಅನ್ನೋದಕ್ಕೆ ಒಂದರಿಂದ ನೂರಿಪ್ಪತ್ತೇಳರವರೆಗೆ ಲೆಕ್ಕ."

"ನಾವು ಕ್ಲಾಸಲ್ಲಿ ಚೀಟಿ ಕಳಿಸಿದ್ರೆ ಹೊರಗೆ ನಿಲ್ಲಿಸ್ತಾರೆ, ನಿಮ್ಮ ವೈರ್ ಮಾತ್ರ ಕಳಿಸಬಹುದಾ?"

"ಅದು ನಿಮ್ಮ ಹಾಗೆ ಹರಟೆ ಬರೆಯಲ್ಲ, ಅದಕ್ಕೆ" ಎನ್ನುತ್ತಿದ್ದಳು ಅವಳು. ಡ್ಯಾನ್ಸ್ ಮೇಡಂ ಕೋಲು ತಟ್ಟುತ್ತಿದ್ದಳು. "ಸಾಕು ನಿಮ್ಮ ಪೆಟ್ಟಿಗೆ ಪುರಾಣ, ಕಾಲು ನೋಡಿ, ಕಾಲು!"

ಮನೆಯಲ್ಲಿ ಅವಳು ಮತ್ತು ಅತ್ತೆ. ಗಂಡ ಲಾರಿ ಓಡಿಸುತ್ತಿದ್ದ. ತಿಂಗಳಿಗೆ ಹತ್ತು ದಿನ ಮನೆಯಲ್ಲಿದ್ದರೆ ಹೆಚ್ಚು. ಅತ್ತೆಗೆ ಕಣ್ಣು ಮಂದ, ಕಿವಿ ಚುರುಕು. ಗೋಡೆಯಾಚೆಯವರು ತಕರಾರು ಮಾಡಿದಂದಿನಿಂದ ಅವಳು ಹೆಡ್‌ಫೋನ್ ಹಾಕಿಕೊಂಡೇ ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದಳು. ಹೊರಗೆ ಕೇಳುತ್ತಿದ್ದುದು ಪ್ಲಾಸ್ಟಿಕ್ ಕೀಗಳ ಟಕಟಕ ಮಾತ್ರ. ಒಳಕೋಣೆಯ ಮಂಚದಲ್ಲಿ ಮಲಗಿಕೊಂಡೇ ಅತ್ತೆ, "ಇವತ್ತು ಆ ನವಿಲಿನ ಹಾಡು ಅಲ್ವೇನೇ? ಎಡಗೈ ಸೋಲ್ತಿದೆ ನಿಂದು" ಎನ್ನುತ್ತಿದ್ದರು. ಒಂದು ಸ್ವರವೂ ಕಿವಿಗೆ ಬೀಳದೆ ಹಾಡಿನ ಗುರುತು ಹಿಡಿಯುತ್ತಿದ್ದರು. "ಬೇರೆಯವರ ಸೊಸೆಯರು ಮನೆ ತುಂಬ ಹಾಡ್ತಾರೆ. ನನ್ನ ಹಣೆಗೆ ಟೈಪಿಸ್ಟ್ ಸಿಕ್ಕಳು" ಎಂದು ನಗುತ್ತಿದ್ದರು.

ಎಡಗೈ ಸೋಲುತ್ತಿದ್ದುದು ನಿಜ. ಮಣಿಕಟ್ಟಿನಲ್ಲಿ ಶುರುವಾದ ನೋವು ಹೆಬ್ಬೆರಳಿಗೆ ಇಳಿದಿತ್ತು. ಡಾಕ್ಟರು ಕೈ ತಿರುಗಿಸಿ ನೋಡಿ, ವಾರಕ್ಕೆ ನಾಲ್ಕು ದಿನ ಬೇಡ, ಅಪರೂಪಕ್ಕೆ ಬಾರಿಸಿ ಎಂದರು. ಈ ವಿಷಯ ತಿಳಿದಾಗ ಡ್ಯಾನ್ಸ್ ಮೇಡಂ ಅವಳ ಮಣಿಕಟ್ಟನ್ನು ಹಿಡಿದು ನೋಡಿದಳು. ಆಮೇಲೆ ತಾನೇ ದಾರಿ ತೋರಿಸಿದಳು.

"ಒಂದು ಕೆಲಸ ಮಾಡೋಣ. ಈ ವರ್ಷದ ಹನ್ನೊಂದು ಹಾಡನ್ನೂ ಒಂದೊಂದು ಸಲ ಲ್ಯಾಪ್‌ಟಾಪಿಗೆ ಬಾರಿಸಿಬಿಡು. ದಿನದ ಅಭ್ಯಾಸಕ್ಕೆ ಅದನ್ನ ಹಾಕ್ತೀನಿ. ನೀನು ಕೈಗೆ ಆರಾಮ ಕೊಡು."

"ಪ್ರದರ್ಶನಕ್ಕೆ?"

"ಪ್ರದರ್ಶನಕ್ಕೆ ನೀನಿಲ್ಲದೆ ಇನ್ಯಾರೇ? ಆ ಕುರ್ಚೀಲಿ ನಾನು ಬೇರೆಯವರನ್ನ ಕೂರಿಸ್ತೀನಾ?"

ಆರು ಮಧ್ಯಾಹ್ನ ಹಿಡಿಯಿತು. ವೈರಿನ ಇನ್ನೊಂದು ತುದಿ ಲ್ಯಾಪ್‌ಟಾಪಿಗೆ. ಅವಳು ಕಳಿಸಿದ ಚೀಟಿಗಳನ್ನು ಅದು ಒಂದೂ ಬಿಡದೆ ಜೋಡಿಸಿಟ್ಟುಕೊಳ್ಳುತ್ತಿತ್ತು. ಡ್ಯಾನ್ಸ್ ಮೇಡಂ ಫ್ಲಾಸ್ಕಿನಲ್ಲಿ ಟೀ ತರುತ್ತಿದ್ದಳು. ಹಾಡು ಹಾಡಿನ ನಡುವೆ ಅವಳ ಮಣಿಕಟ್ಟನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಮುಲಾಮು ತಿಕ್ಕುತ್ತಿದ್ದಳು. ಮುಲಾಮು ಕೊಡುತ್ತಿದ್ದವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಇಪ್ಪತ್ತಾರು ವರ್ಷ, ಸಂಜೆ ಹೊತ್ತು ಡ್ಯಾನ್ಸ್ ಕಲಿಯಲು ಬರುತ್ತಿದ್ದಳು, ಕೊನೆಯ ಸಾಲಿನಲ್ಲಿ ನಿಲ್ಲುತ್ತಿದ್ದಳು. ಸ್ಕೂಟರಿನಿಂದ ಬಿದ್ದು ಮಂಡಿಗೆ ಆಪರೇಷನ್ ಆದ ಮೇಲೆ ಅವಳ ಎಡಗಾಲು ಅರ್ಧ ತಾಳ ತಡವಾಗಿ ನೆಲ ಮುಟ್ಟುತ್ತಿತ್ತು. ಐದನೆಯ ಹಾಡಿನಲ್ಲಿ ಎಲ್ಲರೂ ಒಂದು ಸುತ್ತು ತಿರುಗಿ ಕಾಲು ಊರುವ ಜಾಗವಿತ್ತು. ಅಲ್ಲಿ ಪೆಟ್ಟಿಗೆ ಟೀಚರ್ ಯಾರಿಗೂ ತಿಳಿಯದ ಹಾಗೆ ಅರ್ಧ ತಾಳ ತಡೆದು, ಆ ಕಾಲು ಬಂದ ಮೇಲೆ ಸ್ವರ ಹಾಕುತ್ತಿದ್ದಳು. ರೆಕಾರ್ಡಿಂಗ್ ದಿನವೂ ಎಲ್ಲರನ್ನೂ ಎದುರಿಗೆ ಕುಣಿಸಿ, ಕಾಲು ನೋಡಿಕೊಂಡೇ ಬಾರಿಸಿದಳು.

"ಇಲ್ಲಿ ಕಾದೆಯಲ್ಲೇ, ರೆಕಾರ್ಡಿಂಗಲ್ಲಿ ಯಾಕೆ ಕಾಯೋದು?" ಎಂದಳು ಡ್ಯಾನ್ಸ್ ಮೇಡಂ.

"ಅವಳು ಬರಬೇಕಲ್ಲ?" ಎಂದಳು ಇವಳು.

ಆಮೇಲೆ ಎರಡು ತಿಂಗಳು ಕೈಗೆ ಆರಾಮ. ಮೊದಮೊದಲು ದಿನಕ್ಕೊಂದು ಫೋನು, ಆಮೇಲೆ ವಾರಕ್ಕೊಂದು. ಈ ವರ್ಷ ದೊಡ್ಡದೇನಿಲ್ಲ ಕಣೇ, ಮಕ್ಕಳ ಮನೆಯವರಿಗೆಲ್ಲ ಕ್ಲಾಸಿನಲ್ಲೇ ತೋರಿಸಿಬಿಡ್ತೀನಿ ಎಂದು ಮಾತು ತೇಲಿಸಿದಳು ಡ್ಯಾನ್ಸ್ ಮೇಡಂ. ಅವಳು ನಂಬಿದಳು. ನಂಬದಿರಲು ಕಾರಣವೇ ಇರಲಿಲ್ಲ. ಕೈ ತುಸು ಹಗುರವಾದದ್ದೇ ಅವಳು ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಕೂತು ಹನ್ನೊಂದು ಹಾಡನ್ನೂ ಮತ್ತೆ ಬೆರಳಿಗೆ ತಂದುಕೊಂಡಳು. ಕ್ಲಾಸಿನಲ್ಲಾದರೂ ಸರಿ, ಕುರ್ಚಿ ಕುರ್ಚಿಯೇ.

ಒಂದು ಮಧ್ಯಾಹ್ನ ಔಷಧಿ ಅಂಗಡಿಯವಳು ಮುಲಾಮು ಕೊಡಲು ಮನೆಗೇ ಬಂದಳು. ಚಪ್ಪಲಿ ಬಿಡುತ್ತಾ, "ಅಕ್ಕ, ಭಾನುವಾರ ನೀವು ಎಷ್ಟು ಹೊತ್ತಿಗೆ ಹೊರಡ್ತೀರಿ?" ಎಂದಳು.

"ಎಲ್ಲಿಗೆ?"

ಆ ಹುಡುಗಿ ಗಾಬರಿಯಾಗಿ ಬ್ಯಾಗಿನಿಂದ ಒಂದು ಕಾರ್ಡು ತೆಗೆದಳು. ದಪ್ಪ ಕಾಗದ, ಬಂಗಾರದ ಅಂಚು. ಹೊಸ ರಂಗಮಂದಿರದಲ್ಲಿ ಸಂಜೆ ನಾಲ್ಕಕ್ಕೆ ಪ್ರದರ್ಶನ. ಕೆಳಗೆ 'ನೃತ್ಯ ಮತ್ತು ಸಂಗೀತ' ಎಂದು ಬರೆದು ಡ್ಯಾನ್ಸ್ ಮೇಡಂ ಹೆಸರಿತ್ತು. ಬೇರೆ ಹೆಸರಿರಲಿಲ್ಲ.

"ನನ್ನನ್ನೂ ತೆಗೆದಿದ್ದಾರೆ ಅಕ್ಕ. ದೊಡ್ಡ ಸ್ಟೇಜ್, ಎಲ್ಲರ ಕಾಲೂ ಒಂದೇ ಸಲ ಬೀಳಬೇಕಂತೆ. ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ."

ಅವಳು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಹಿಂಬದಿಯಲ್ಲಿ ರಂಗಮಂದಿರಕ್ಕೆ ಹೋಗುವ ದಾರಿಯ ನಕ್ಷೆ ಮಾತ್ರ ಇತ್ತು. "ಯಾರೇ ಅದು? ಒಳಗೆ ಬಂದು ಕೂತ್ಕೋ ಅನ್ನು" ಎಂದರು ಅತ್ತೆ ಒಳಗಿನಿಂದ.

ಆ ದಿನವೇ ಫೋನು ಮಾಡಿದಳು. ಡ್ಯಾನ್ಸ್ ಮೇಡಂ ಮೊದಲು ಕೆಮ್ಮಿದಳು. ಆಮೇಲೆ ಮಾತು ಸರಾಗವಾಗಿ ಬಂತು, ಮೊದಲೇ ಒಪ್ಪ ಮಾಡಿಟ್ಟುಕೊಂಡ ಹಾಗೆ. "ಕೊನೇ ಗಳಿಗೇಲಿ ಹಾಲ್ ಸಿಕ್ತು ಕಣೇ. ನಿನಗೆ ಕೈ ನೋವು, ಹೇಳಿ ಯಾಕೆ ಒದ್ದಾಡಿಸಲಿ ಅಂತ ಸುಮ್ಮನಾದೆ. ನಿನ್ನ ರೆಕಾರ್ಡಿಂಗ್ ಏನೂ ಬಳಸ್ತಿಲ್ಲ, ಚಿಂತೆ ಮಾಡಬೇಡ. ಸ್ಟುಡಿಯೋದಲ್ಲಿ ಹೊಸದಾಗಿ ಮಾಡಿಸಿದೆ. ನಿನ್ನ ಕೈ ಅದರಲ್ಲಿಲ್ಲ."

"ಓ, ಸರಿ" ಎಂದಳು ಅವಳು. ಇಟ್ಟ ಮೇಲೆ ತುಂಬ ಹೊತ್ತು ಫೋನನ್ನೇ ನೋಡುತ್ತಿದ್ದಳು. ನೋವಾಯಿತು. ಆದರೂ ಗೆಳತಿಯ ಪರವಾಗಿ ತಾನೇ ನಾಲ್ಕು ಮಾತು ಜೋಡಿಸಿಕೊಂಡಳು. ಹೊಸ ಹಾಲು, ಹೊಸ ಸಂಗೀತ. ಪಾಪ, ಅವಳಾದರೂ ಏನು ಮಾಡುತ್ತಾಳೆ? ಹೊಸದು ಹೇಗಿದೆಯೋ ಕೇಳಿಬಿಡೋಣ ಎಂದು ಭಾನುವಾರ ಔಷಧಿ ಅಂಗಡಿಯವಳನ್ನು ಜೊತೆಗೆ ಕರೆದುಕೊಂಡು ಹೊರಟಳು.

ಕೊನೆಯ ಸಾಲಿನ ಮೂಲೆಯಲ್ಲಿ ಸೀಟು ಸಿಕ್ಕಿತು. ಸೀಟುಗಳಿಗಿನ್ನೂ ಹೊಸ ಬಟ್ಟೆಯ, ಅಂಟಿನ ವಾಸನೆ ಇತ್ತು. ವೇದಿಕೆಯ ಎಡಗಡೆ ಕುರ್ಚಿ ಇರಲಿಲ್ಲ. ಅಲ್ಲಿ ಹೂವಿನ ಕುಂಡ ಇಟ್ಟಿದ್ದರು. ದೀಪ ಆರಿತು.

ಗುಂ.

ಗುಡಾಣದೊಳಗಿಂದ ಬಂದ ಹಾಗೆ, ತಗ್ಗಿನ ಒಂದೇ ಒಂದು ಸ್ವರ. ಅರ್ಧ ಕ್ಷಣ ಇತ್ತು, ನಿಂತಿತು. ಆಮೇಲೆ ಹಾಡು ಶುರುವಾಯಿತು. ಜನ ಅದನ್ನು ಗಂಭೀರವಾದ ಆರಂಭವೆಂದುಕೊಂಡು ನೆಟ್ಟಗೆ ಕೂತರು. ಅವಳಿಗೆ ಮಾತ್ರ ಆ ಸ್ವರದ ಗುರುತು ಸಿಕ್ಕಿತು.

ಪಿಯಾನೋ ತೆಗೆದು ಚರ್ಚಿನ ಆರ್ಗನ್ ದನಿ ಹಾಕಿದ್ದರು. ಚೀಟಿಯಲ್ಲಿರುವ ಜೋರಿನ ಲೆಕ್ಕವನ್ನು ಆರ್ಗನ್ ಓದುವುದಿಲ್ಲ. ಮೆಲ್ಲಗೆ ಮುಟ್ಟಿದರೂ ಅದಕ್ಕೆ ಒಂದೇ, ಗುದ್ದಿದರೂ ಒಂದೇ, ಬಾಯಿ ತುಂಬ ಹಾಡುತ್ತದೆ. ಪಿಯಾನೋದಲ್ಲಿ ಯಾರ ಕಿವಿಗೂ ಬೀಳದಿದ್ದ ಅವಳ ಕಿರುಬೆರಳಿನ ಮೆಲ್ಲನೆಯ ಮುಟ್ಟುವಿಕೆ, 'ಅಲ್ಲಿದ್ದೀಯಾ?' ಎಂದು ಪೆಟ್ಟಿಗೆಯನ್ನು ಕೇಳುವ ಆ ಒಂದು ಚೀಟಿ, ಎಂಟುನೂರು ಜನರ ತಲೆಯ ಮೇಲೆ ಮೊಳಗಿತ್ತು. ಸ್ಟುಡಿಯೋ ಇಲ್ಲ, ಹೊಸದೂ ಇಲ್ಲ. ಇದು ಆರು ಮಧ್ಯಾಹ್ನಗಳ ಅವಳದೇ ಕೈ.

ಎರಡನೆಯ ಹಾಡಿನ ಮೊದಲೂ ಗುಂ. ಮೂರನೆಯದಕ್ಕೂ. ಪ್ರತಿ ಸಲವೂ ಅವಳ ಕಿರುಬೆರಳು ಸೀಟಿನ ಹಿಡಿಯ ಮೇಲೆ ತಾನಾಗಿ ಮಡಚಿಕೊಳ್ಳುತ್ತಿತ್ತು, ಸಿಕ್ಕಿಬಿದ್ದವರ ಹಾಗೆ. ತಪ್ಪು ತನ್ನದೇನೋ ಎಂಬಂತೆ ಅವಳು ಅಕ್ಕಪಕ್ಕ ನೋಡಿದಳು.

ಐದನೆಯ ಹಾಡು ಬಂತು. ಹನ್ನೆರಡು ಜನ, ಒಂದೇ ಎತ್ತರ, ಒಂದೇ ಬಣ್ಣದ ಬಟ್ಟೆ. ಒಂದು ಸುತ್ತು ತಿರುಗಿದರು. ಸ್ವರ ಬರಲಿಲ್ಲ. ಹನ್ನೆರಡೂ ಕಾಲು ಗಾಳಿಯಲ್ಲಿ ಹಾಗೇ ನಿಂತವು. ಅಭ್ಯಾಸ ಮಾಡಿ ಮಾಡಿ ಆ ಅರ್ಧ ತಾಳವನ್ನು ಅವರು ಒಂದು ಭಂಗಿ ಮಾಡಿಕೊಂಡಿದ್ದರು. ಹಾಲಿನ ತುಂಬ ಚಪ್ಪಾಳೆ ಬಿತ್ತು. ಇವಳ ಪಕ್ಕದಲ್ಲಿ, ಕತ್ತಲಲ್ಲಿ, ಔಷಧಿ ಅಂಗಡಿಯವಳ ಎಡಗಾಲು ಸರಿಯಾಗಿ ಸ್ವರದ ಜೊತೆ ನೆಲ ಮುಟ್ಟಿತು.

"ಅಕ್ಕಾ" ಎಂದಳು ಆ ಹುಡುಗಿ, ಕಿವಿಯ ಹತ್ತಿರ. "ಇದು ನಂದಲ್ವಾ?"

ಅವಳು ಹೌದೆಂದು ತಲೆಯಾಡಿಸಿದಳು.

ಪ್ರದರ್ಶನ ಮುಗಿದ ಮೇಲೆ ಹುಡುಗಿಯನ್ನು ಗೇಟಿನ ಹತ್ತಿರ ನಿಲ್ಲಿಸಿ, ಅವಳೊಬ್ಬಳೇ ಮೇಕಪ್ ರೂಮಿಗೆ ಹೋದಳು. ಡ್ಯಾನ್ಸ್ ಮೇಡಂ ಕನ್ನಡಿ ಮುಂದೆ ಕೂತು ಜಡೆಯ ಪಿನ್ನುಗಳನ್ನು ಒಂದೊಂದಾಗಿ ತೆಗೆಯುತ್ತಿದ್ದಳು. ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದೇ ಇತ್ತು. ಅದನ್ನು ನಡೆಸುವ ಆಪರೇಟರ್ ಟೀಗೆ ಹೋಗಿದ್ದ.

"ಅಯ್ಯೋ, ಬಂದಿದ್ದೆಯಾ! ಒಂದು ಮಾತು ಹೇಳಬಾರದಾ, ಮುಂದಿನ ಸಾಲಲ್ಲಿ ಕೂರಿಸ್ತಿದ್ದೆ."

"ಹಿಂದೇನೂ ಚೆನ್ನಾಗಿ ಕೇಳಿಸ್ತು."

"ಸ್ಟುಡಿಯೋದವರು ಪರವಾಗಿಲ್ಲ ಅಲ್ವಾ?" ಕನ್ನಡಿಯಲ್ಲೂ ಡ್ಯಾನ್ಸ್ ಮೇಡಂ ಅವಳ ಕಣ್ಣು ತಪ್ಪಿಸಿದಳು. "ಒಂದೇ ತೊಂದರೆ. ಪ್ರತಿ ಹಾಡಿಗೂ ಮೊದಲು ಅದೇನೋ ಗುಂ ಅಂತ ಬರುತ್ತೆ. ದೊಡ್ಡ ಹಾಲಿಗೆ ಗಂಭೀರವಾಗಿರಲಿ ಅಂತ ನಿನ್ನೆ ದನಿ ಬದಲಾಯಿಸಿದಾಗಿಂದ ಶುರುವಾಗಿದೆ. ಆಪರೇಟರ್ ವೈರ್ ದೋಷ ಅಂತಾನೆ. ಮುಂದಿನ ವಾರ ಹೊರಗಡೆ ಎರಡು ಶೋ ಇದೆ ಕಣೇ. ನೀನು ಒಂಚೂರು ನೋಡಿಕೊಡ್ತೀಯಾ?"

ಅವಳು ಲ್ಯಾಪ್‌ಟಾಪಿನ ಮುಂದೆ ಕೂತಳು. ಬೇಡವೆನ್ನುವುದು ಅವಳಿಗೆ ರೂಢಿಯಿರಲಿಲ್ಲ. ಮೊದಲ ಹಾಡಿನ ಚೀಟಿಗಳ ಪಟ್ಟಿಯನ್ನು ತೆರೆದು, ಮೊದಲ ಸಾಲಿನ ಮೇಲೆ ಬೆರಳಿಟ್ಟು ಓದಿದಳು.

"ಮೂವತ್ತಾರನೇ ನಂಬರ್, ನನ್ನ ಕೀಬೋರ್ಡಿನ ಎಡಗಡೆ ಕೊನೇ ಕೀ. ಜೋರು, ಮೂರು. ನೂರಿಪ್ಪತ್ತೇಳಕ್ಕೆ ಮೂರು." ಆಮೇಲೆ ಹೇಳಿದಳು, "ಇದು ವೈರ್ ದೋಷ ಅಲ್ಲ ಕಣೇ. ಇದು ನಾನು."

ಡ್ಯಾನ್ಸ್ ಮೇಡಂನ ಕೈ ಜಡೆಯಲ್ಲೇ ನಿಂತಿತು.

"ಶುರು ಮಾಡೋ ಮೊದಲು ಕೊನೇ ಕೀ ಮುಟ್ಟಿ ನೋಡ್ತಿದ್ದೆ, ವೈರ್ ಸರಿಯಿದೆಯಾ ಅಂತ. ಹತ್ತೊಂಬತ್ತು ವರ್ಷ ಪಕ್ಕದಲ್ಲೇ ನಿಂತಿದ್ದೀಯ. ಒಂದು ಸಲಾನೂ ನೋಡಿರಲಿಲ್ವಾ?"

"ನಾನು ಮಕ್ಕಳ ಕಾಲು ನೋಡ್ತಿದ್ದೆ. ನಿನ್ನ ಕೈ ಯಾವತ್ತು ನೋಡಲಿ?"

ಹೊರಗೆ ಯಾರೋ ಕುರ್ಚಿಗಳನ್ನು ಎಳೆದು ಒಂದರ ಮೇಲೊಂದು ಪೇರಿಸುತ್ತಿದ್ದರು. ಡ್ಯಾನ್ಸ್ ಮೇಡಂ ಕೊನೆಗೆ ತಿರುಗಿ ಕೂತಳು.

"ಹೌದು, ನಿಂದೇ. ಏನೀಗ? ಹೇಳಿದ್ರೆ ನೀನು ಬೇಡ ಅಂತಿದ್ದೆ."

"ಕೇಳಿದ್ರೆ ಕೊಡ್ತಿದ್ದೆ."

"ಕೊಡ್ತಿದ್ದೆ. ಆ ಕುರ್ಚೀನೂ ಬೇಕು ಅಂತಿದ್ದೆ."

ಅವಳು ಅದಕ್ಕೆ ಇಲ್ಲವೆನ್ನಲಿಲ್ಲ.

"ಸ್ಟೇಜ್ ಮೇಲೆ ನಿನ್ನ ಕೈ ನೋವಿಗೆ ಹಿಡಿದುಕೊಂಡ್ರೆ ನಾನೇನು ಮಾಡಲಿ, ಹೇಳು. ಹನ್ನೆರಡು ಜನ ಕೈ ಎತ್ತಿಕೊಂಡು ನಿಂತಿರಬೇಕಾ? ಆವತ್ತಿನ ಥರ? ಟೀವಿ ಮ್ಯೂಟ್ ಆಗಿದೆ ಅಂತ ಜನ ನಗಬೇಕಾ?"

ಅವಳು ಬೇರೆ ಯಾವ ಮಾತನ್ನಾದರೂ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳೇನೋ. ಮರೆತುಬಿಡೋಣ, ಇಬ್ಬರೂ ಎಂದಿದ್ದವಳು ಈ ಗೆಳತಿಯೇ. ಅಷ್ಟೂ ವರ್ಷ ಅದನ್ನು ನೆನಪಿಟ್ಟುಕೊಂಡಿದ್ದಳು, ಬೇಕಾದ ದಿನಕ್ಕೆ ತೆಗೆಯಲು. ಆ ದಿನದ ಭಯಕ್ಕೇ ತಾನು ಕಿರುಬೆರಳು ಮುಟ್ಟಿಸುವುದನ್ನು ಕಲಿತದ್ದು ಎಂದು ಹೇಳಬೇಕೆನಿಸಿತು. ಬದಲಿಗೆ ಎದ್ದು ಕುರ್ಚಿ ಬಿಟ್ಟುಕೊಟ್ಟಳು.

"ಹನ್ನೊಂದರಲ್ಲೂ ಮೊದಲನೇ ಸಾಲು. ಅದನ್ನ ಅಳಿಸಿದ್ರೆ ಗುಂ ಬರಲ್ಲ. ಸುಲಭ, ಒಂದು ಬೆರಳು ಸಾಕು. ನೀನೇ ಅಳಿಸು."

ಡ್ಯಾನ್ಸ್ ಮೇಡಂ ತುಸು ಹೊತ್ತು ಪರದೆ ನೋಡಿದಳು. ಅಳಿಸಲಾರಳು ಎಂದು ಇವಳಿಗೆ ಆ ತುಸು ಹೊತ್ತು ಅನ್ನಿಸಿತು. ಬಾಗಿಲ ಹತ್ತಿರ ನಿಂತು ಕಾದಳು, ಐದನೆಯ ಹಾಡಿನಲ್ಲಿ ಕಾಯುತ್ತಿದ್ದ ಹಾಗೆಯೇ.

ಟಕ್.

ಆಮೇಲೆ ಇನ್ನೊಂದು. ಮೂರು. ನಾಲ್ಕು. ಬೆನ್ನು ತಿರುಗಿಸಿ ನಿಂತಿದ್ದರೂ ಅವಳಿಗೆ ಎಣಿಕೆ ತಪ್ಪಲಿಲ್ಲ. ಐದಕ್ಕೆ ಟಕ್ಕೆನ್ನುವ ಮೊದಲು ಡ್ಯಾನ್ಸ್ ಮೇಡಂ ಕೇಳಿದಳು, "ಇದರಲ್ಲಿ ನೀನು ಕಾದಿದ್ದೆಯಲ್ಲ, ಅದು ಇರಲಿ ಅಲ್ವಾ? ಚಪ್ಪಾಳೆ ಬೀಳುತ್ತೆ."

"ಇರಲಿ" ಎಂದಳು. ಹನ್ನೊಂದೂ ಮುಗಿದ ಮೇಲೆ ಹೊರಗೆ ಬಂದಳು.

ಬಸ್ಸಿನಲ್ಲಿ ಔಷಧಿ ಅಂಗಡಿಯವಳು ಏನೂ ಕೇಳಲಿಲ್ಲ. ಇಳಿಯುವಾಗ ಮಾತ್ರ, "ಕೈಗೆ ಮುಲಾಮು ಮರೀಬೇಡಿ ಅಕ್ಕ" ಎಂದಳು.

ಮನೆಯಲ್ಲಿ ದೀಪ ಹಾಕುವ ಹೊತ್ತಾಗಿತ್ತು. ಅವಳು ಕೈಕಾಲು ತೊಳೆದು, ಅತ್ತೆಗೆ ಟೀ ಕೊಟ್ಟು, ಕೀಬೋರ್ಡಿನ ಮುಂದೆ ಕೂತಳು. ವೈರು ಸಿಕ್ಕಿಸಲಿಲ್ಲ, ಹೆಡ್‌ಫೋನ್ ಹಾಕಿಕೊಳ್ಳಲಿಲ್ಲ. ಕರೆಂಟಿನ ಸ್ವಿಚ್ಚನ್ನೂ ಒತ್ತಲಿಲ್ಲ. ನೇರವಾಗಿ ಐದನೆಯ ಹಾಡಿಗೆ ಕೈ ಹಚ್ಚಿದಳು. ಟಕಟಕ, ಟಕಟಕ. ಚೀಟಿಗಳು ಎಲ್ಲಿಗೂ ಹೋಗಲಿಲ್ಲ.

"ಏನಾಯ್ತೇ?" ಎಂದರು ಅತ್ತೆ ಒಳಗಿನಿಂದ.

ಅವಳು ಕೈ ನಿಲ್ಲಿಸಿದಳು. "ಏನಿಲ್ಲವಲ್ಲ ಅತ್ತೆ. ಯಾಕೆ?"

"ಇವತ್ತು ಬಾಗಿಲು ತಟ್ಟದೆ ಒಳಗೆ ನುಗ್ಗಿದೆಯಲ್ಲ, ಅದಕ್ಕೆ ಕೇಳಿದೆ."

"ಯಾವ ಬಾಗಿಲು?"

"ಅದೇ, ಮೊದಲು ಒಂದು ಸಲ ಮೆಲ್ಲಗೆ ಟಕ್ ಅನ್ನಿಸ್ತಿದ್ದೆಯಲ್ಲ, ಆ ಕೊನೇಲಿ. ಯಾರಾದ್ರೂ ಇದ್ದೀರಾ ಅಂತ ಕೇಳೋ ಹಾಗೆ. ಅದು ಕೇಳಿದ ಮೇಲೆ ನಾನು ಸರಿಯಾಗಿ ಮಲಗಿಕೊಳ್ತಿದ್ದೆ, ಇನ್ನು ಹಾಡು ಬರುತ್ತೆ ಅಂತ. ಇವತ್ತು ಬರಲಿಲ್ಲ."

ಅವಳು ಕಿರುಬೆರಳನ್ನು ಎಡತುದಿಗೆ ಒಯ್ದಳು. ಕೀಯ ಮೇಲೆ ಇಟ್ಟಳು. ಒತ್ತಲು ಆಗಲಿಲ್ಲ. ಒಳಗೆ ಮಂಚ ಕಿರುಗುಟ್ಟಲಿಲ್ಲ, ಟೀ ಲೋಟವೂ ಸದ್ದು ಮಾಡಲಿಲ್ಲ. ಅತ್ತೆ ಕಿವಿಗೊಟ್ಟು ಕಾಯುತ್ತಿದ್ದರು. ಅವಳು ಬೆರಳನ್ನು ಎತ್ತದೆ ಹಾಗೇ ಕೂತಿದ್ದಳು.